ಬೋರ್ ನೀರಿನ ಊರಲ್ಲಿ ಕೋರಿ ಮರಿ ಸಾಕುವುದು

ಕೋರಿಡೋರಸ್ ಮರಿಗಳು ಹಸಿವಿನಿಂದ ಸಾಯುವುದು ಕಡಿಮೆ. ತಿಂದು ಮಿಕ್ಕಿದ ಆಹಾರ ತಳದಲ್ಲಿ ಕೊಳೆತು ಸಾಯುವುದೇ ಹೆಚ್ಚು. ಮೊಟ್ಟೆ ಒಡೆದ ಖುಷಿಗೆ ದಿನಕ್ಕೆ ಐದಾರು ಸಲ ಊಟ ಹಾಕಿದವರ ತೊಟ್ಟಿಯಲ್ಲಿ ವಾರ ಕಳೆಯುವಷ್ಟರಲ್ಲಿ ಬೆರಳೆಣಿಕೆಯ ಮರಿ ಉಳಿದಿರುತ್ತವೆ. ಆಮೇಲೆ ‘ಊಟ ಸಾಲಲಿಲ್ಲವೇನೋ’ ಎಂದುಕೊಂಡು ಮುಂದಿನ ಸಲ ಇನ್ನಷ್ಟು ಹಾಕುತ್ತಾರೆ. ಈ ಮೀನು ಹುಟ್ಟಿನಿಂದಲೇ ತಳದಲ್ಲಿ ಬದುಕುವಂಥದ್ದು. ತೊಟ್ಟಿಯ ಕಸವೆಲ್ಲ ಇಳಿದು ಕೂರುವ ಜಾಗದಲ್ಲೇ ಅದರ ಊಟ, ನಿದ್ದೆ, ಉಸಿರಾಟ. ಆದ್ದರಿಂದ ಕೋರಿ ಮರಿ ಸಾಕಣೆಯ ಮುಕ್ಕಾಲು ಪಾಲು ಕೆಲಸ ಎಂದರೆ ತಳ ಚೊಕ್ಕಟ ಇಡುವುದು. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಊರುಗಳಲ್ಲಿ, ಹೊಸದುರ್ಗ, ಹೊಳಲ್ಕೆರೆ ಕಡೆಗಳಲ್ಲೂ, ಕೊಳವೆಬಾವಿ ನೀರನ್ನೇ ನಂಬಿದ ಮನೆಗಳಲ್ಲಿ ಈ ಮಾತು ಬೇರೆಡೆಗಿಂತ ಹೆಚ್ಚು ಸಲ್ಲುತ್ತದೆ.

ಮೊದಲು ಯಾವ ಮೀನು ಎಂಬುದು ಸ್ಪಷ್ಟವಾಗಲಿ. ಕ್ಯಾಟ್‌ಫಿಶ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕೆರೆಯ ಮುರುಗೋಡು, ಚೇಳುಮೀನು. ಅವು ಮನೆಯ ಗಾಜಿನ ತೊಟ್ಟಿಗೆ ಒಗ್ಗುವ ಗಾತ್ರದವಲ್ಲ. ಚೇಳುಮೀನು ಚುಚ್ಚಿದರೆ ಹೆಸರು ಯಾಕೆ ಬಂತು ಎಂದು ಯಾರೂ ಹೇಳಿಕೊಡಬೇಕಿಲ್ಲ. ಇನ್ನು ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ದೇಶದಲ್ಲಿ ನಿಷೇಧವಿದೆ. ‘ಬೇಗ ಬೆಳೆಯುತ್ತೆ’ ಎಂದು ಯಾರಾದರೂ ಅದರ ಮರಿ ಕೊಡಲು ಬಂದರೆ ಬೇಡ ಎನ್ನಿ. ಇಲ್ಲಿ ಹೇಳುತ್ತಿರುವುದು ದಕ್ಷಿಣ ಅಮೆರಿಕದ ನದಿ ತೊರೆಗಳಿಂದ ಬಂದ, ಎರಡು ಮೂರು ಇಂಚು ಮೀರದ, ಮೈಮೇಲೆ ಎರಡು ಸಾಲು ಗಟ್ಟಿ ಫಲಕ ಹೊದ್ದ ಕೋರಿಡೋರಸ್ ಬಗ್ಗೆ. ಅಂಗಡಿಯವರು ಚಿಕ್ಕದಾಗಿ ‘ಕೋರಿ’ ಎನ್ನುತ್ತಾರೆ. ಹೊಸಬರಿಗೆ ಬ್ರಾಂಜ್ ಕೋರಿ ಸರಿ. ಅದರ ಬಿಳಿ ಬಣ್ಣದ, ಕೆಂಪು ಕಣ್ಣಿನ ಆಲ್ಬಿನೋ ತಳಿಯೂ ಆದೀತು. ಚುಕ್ಕೆಯ ಪೆಪ್ಪರ್ಡ್ ಕೋರಿ ನೋಡಲು ಚೆಂದ. ಬೀಗಲ್ ಹಡಗಿನ ಯಾನದಲ್ಲಿ ಚಾರ್ಲ್ಸ್ ಡಾರ್ವಿನ್ ಹಿಡಿದು ತಂದಿದ್ದ ಮಾದರಿಗಳ ಮೇಲೆ 1842ರಲ್ಲಿ ವಿಜ್ಞಾನಿಗಳಿಗೆ ಪರಿಚಯವಾದ ಮೀನು ಅದು. 1878ರಷ್ಟು ಹಿಂದೆಯೇ ಪ್ಯಾರಿಸ್ಸಿನಲ್ಲಿ ಅದರಿಂದ ಮರಿ ಮಾಡಿಸಿದ್ದರು. ಆದರೆ ಅದಕ್ಕೆ ತಂಪು ಬೇಕು, 20ರಿಂದ 24 ಡಿಗ್ರಿ ಸೆಲ್ಸಿಯಸ್. ನಮ್ಮ ಏಪ್ರಿಲ್ ತಿಂಗಳಿಗೂ ಅದಕ್ಕೂ ಆಗಿಬರುವುದಿಲ್ಲ.

ನೀರಿನ ಲೆಕ್ಕ

ಮೀನಿನ ಉಸಿರು, ಹಿಕ್ಕೆ, ಕೊಳೆತ ಆಹಾರ ಇವೆಲ್ಲದರಿಂದ ನೀರಿಗೆ ಅಮೋನಿಯ ಸೇರುತ್ತದೆ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟೇನೂ ತೊಂದರೆ ಕೊಡದ್ದು, ಇನ್ನೊಂದು ಕಿವಿರನ್ನೇ ಸುಡುವಂಥ ವಿಷ. ಯಾವುದು ಎಷ್ಟು ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ನೀರಿನ ಪಿಎಚ್. 28 ಡಿಗ್ರಿ ನೀರಿನ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ಶೇ 0.7ರಷ್ಟು. ಪಿಎಚ್ 8 ಆಯಿತೋ, ಅದು ಶೇ 6.5ರ ಆಸುಪಾಸಿಗೆ ಏರುತ್ತದೆ. ಅಂದರೆ ಮಲೆನಾಡಿನ ಮೆದು ನೀರಿನಲ್ಲಿ ಒಬ್ಬರು ಬಿಟ್ಟ ಕಸ ಮಾಡುವ ಹಾನಿಗಿಂತ, ಅಷ್ಟೇ ಕಸ ನಮ್ಮ ಗಡಸು ನೀರಿನಲ್ಲಿ ಮಾಡುವ ಹಾನಿ ಒಂಬತ್ತು ಹತ್ತು ಪಟ್ಟು ಹೆಚ್ಚು. ಸ್ಟೀಲ್ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿಸುವ ನೀರು ಸಾಮಾನ್ಯವಾಗಿ ಪಿಎಚ್‌ನಲ್ಲೂ ಮೇಲೆಯೇ ಇರುತ್ತದೆ. ಮೀನು ಸಾಕುವ ಪುಸ್ತಕಗಳು ‘ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ’ ಎನ್ನುತ್ತವಲ್ಲ, ಆ ಲೆಕ್ಕ ದೊಡ್ಡ ಮೀನಿಗೆ, ಬೇರೆ ಊರಿನ ನೀರಿಗೆ.

ಮೆದು ನೀರು ತರುವುದೆಲ್ಲಿಂದ? ಉಪಾಯ ಊರಲ್ಲೇ ಇದೆ. ಕೊಳವೆಬಾವಿ ನೀರಿನ ಫ್ಲೋರೈಡ್ ಕಾಟಕ್ಕೆಂದು ಹಳ್ಳಿ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಹಾಕಿದ್ದಾರೆ. ನಾಣ್ಯ ಹಾಕಿದರೆ ಕ್ಯಾನ್ ತುಂಬ ಬರುವ ಆ ‘ಫಿಲ್ಟರ್ ನೀರು’ ಆರ್‌ಒ ನೀರೇ; ಲವಣ ಹೆಚ್ಚುಕಡಿಮೆ ಕಳೆದ ನೀರು. ಬರೀ ಅದನ್ನೇ ತುಂಬಬೇಡಿ. ಲವಣವೇ ಇಲ್ಲದ ನೀರಿನಲ್ಲಿ ಪಿಎಚ್ ನಿಲ್ಲುವುದಿಲ್ಲ, ಮರಿಗಳೂ ಸುಧಾರಿಸುವುದಿಲ್ಲ. ಮೂರು ಪಾಲು ಫಿಲ್ಟರ್ ನೀರಿಗೆ ಒಂದು ಪಾಲು ಬೋರ್ ನೀರು ಬೆರೆಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ನೋಡಿ. 150ರಿಂದ 250ರೊಳಗೆ ಬಂದರೆ ಸಾಕು. ಬರದಿದ್ದರೆ ಪಾಲು ಬದಲಿಸಿಕೊಳ್ಳಿ. ಪೆನ್ನಿನಂಥ ಆ ಮೀಟರ್ ನೀರಿನ ಫಿಲ್ಟರ್ ರಿಪೇರಿ ಮಾಡುವವರ ಬಳಿ ಇದ್ದೇ ಇರುತ್ತದೆ, ಕೊಂಡರೂ ದುಬಾರಿಯಲ್ಲ. ಮಳೆ ನೀರು ಹಿಡಿಯುವವರಿಗೆ ಇನ್ನೂ ಸಲೀಸು: ಮೊದಲ ಕಾಲು ಗಂಟೆಯ ನೀರು ಹರಿದುಹೋಗಲು ಬಿಟ್ಟು, ಆಮೇಲಿನದನ್ನು ಮುಚ್ಚಿದ ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಅದೂ ಆರ್‌ಒ ನೀರಿನ ಕೆಲಸವನ್ನೇ ಮಾಡುತ್ತದೆ.

ಬೋರಿನಿಂದ ನೇರ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಪಂಚಾಯಿತಿ ಟ್ಯಾಂಕಿನ ನೀರಾದರೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಎರಡಕ್ಕೂ ಮದ್ದು ಒಂದೇ. ಅಗಲ ಬಾಯಿಯ ಬಕೆಟ್ಟಿನಲ್ಲಿ ತುಂಬಿ, ಏರ್ ಪಂಪಿನ ಕಲ್ಲು ಬಿಟ್ಟು, ಒಂದು ಹಗಲು ಒಂದು ರಾತ್ರಿ ಗುಳ್ಳೆ ಆಡಲು ಬಿಡಿ. ತುರ್ತಿಗೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಔಷಧಿ ಎರಡು ಹನಿ ಹಾಕಬಹುದು. ಒಟ್ಟಿನಲ್ಲಿ ನಾಳೆಗೆ ಬೇಕಾದ ನೀರು ಇವತ್ತೇ ಬಕೆಟ್ಟಿನಲ್ಲಿ ತಯಾರಿರಬೇಕು. ಅದೂ ಮರಿ ಇರುವ ಕೋಣೆಯಲ್ಲೇ, ಎರಡೂ ನೀರಿನ ಬಿಸಿ ಒಂದೇ ಆಗಿರುವಂತೆ.

ಇನ್ನೊಂದು ವಿಷಯವನ್ನು ಬಯಲುಸೀಮೆಯವರು ಮಾತ್ರ ನೆನಪಿಡಬೇಕು. ಈ ಒಣಗಾಳಿಗೆ ತೊಟ್ಟಿಯ ನೀರು ದಿನದಿನವೂ ಇಂಗುತ್ತದೆ. ಇಂಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಬೋರ್ ನೀರಿನಿಂದಲೇ ತುಂಬುತ್ತ ಹೋದರೆ ತಿಂಗಳೊಪ್ಪತ್ತಿನಲ್ಲಿ ಟಿಡಿಎಸ್ ಎಲ್ಲಿಗೋ ಹೋಗಿರುತ್ತದೆ. ಇಂಗಿದ್ದನ್ನು ತುಂಬಲು ಬರೀ ಫಿಲ್ಟರ್ ನೀರು, ತೆಗೆದದ್ದನ್ನು ತುಂಬಲು ಬೆರಕೆ ನೀರು.

ಮೊಟ್ಟೆ

ಸಾಕಿದ ಕೋರಿಗಳು ಮೊಟ್ಟೆ ಇಡಲು ಮಳೆಯ ಸುಳಿವು ಬೇಕು. ಮೋಡ ಕವಿದು ಗಾಳಿಯ ಒತ್ತಡ ಇಳಿದಾಗ, ಎರಡು ಮೂರು ಡಿಗ್ರಿ ತಂಪಾದ ಮೆದು ನೀರು ಸೇರಿದಾಗ ಅವು ಎಚ್ಚೆತ್ತುಕೊಳ್ಳುತ್ತವೆ. ನಮ್ಮ ಕಡೆ ಮಳೆ ಮನಸ್ಸು ಮಾಡುವುದೇ ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಮರಿ ಮಾಡಿಸುವ ಆಸೆಯಿದ್ದರೆ ಅದೇ ಒಳ್ಳೆಯ ಕಾಲ. ಬೇಸಿಗೆಯ ಕಾವೂ ಇಲ್ಲ, ಡಿಸೆಂಬರಿನ ಚಳಿಯೂ ಇಲ್ಲ. ಒಂದು ಹೆಣ್ಣಿಗೆ ಎರಡು ಗಂಡು ಇರಲಿ. ಮೇಲಿನಿಂದ ನೋಡಿದಾಗ ಅಗಲವಾಗಿ ಕಾಣುವುದು ಹೆಣ್ಣು.

ಗಂಡಿನ ಹೊಟ್ಟೆಗೆ ಹೆಣ್ಣು ಬಾಯಿ ಹಚ್ಚಿ ಎರಡೂ ಅಡ್ಡಡ್ಡ ನಿಂತಂತೆ ಕಂಡರೆ ಕೆಲಸ ಶುರುವಾಗಿದೆ ಎಂದರ್ಥ. ಬ್ರಾಂಜ್ ಕೋರಿಯ ಹೆಣ್ಣು ವೀರ್ಯವನ್ನು ಕುಡಿಯುತ್ತದೆ, ಅದು ಕರುಳಿನ ಮೂಲಕ ಬೇಗನೆ ಹಾದು ಹಿಂದಿನಿಂದ ಹೊರಬಂದು ಮೊಟ್ಟೆಗೆ ತಾಗುತ್ತದೆ ಎಂದು ಜಪಾನಿನ ಸಂಶೋಧಕರು 1995ರಲ್ಲಿ ಪ್ರಕಟಿಸಿದರು. ವಿಚಿತ್ರವೆನಿಸಿದರೂ ಈ ಮೀನಿನ ಕರುಳೇ ಹಾಗೆ. ದೊಡ್ಡ ಕೋರಿಗಳು ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ನುಂಗಿ ಬರುವುದನ್ನು ನೋಡಿರುತ್ತೀರಿ, ಆ ಗಾಳಿಯಿಂದ ಆಮ್ಲಜನಕ ಹೀರುವುದೂ ಕರುಳಿನಲ್ಲೇ. ಹೆಣ್ಣು ಕೆಳರೆಕ್ಕೆಗಳ ನಡುವೆ ಕೆಲವೇ ಮೊಟ್ಟೆ ಹಿಡಿದುಕೊಂಡು ಹೋಗಿ ಗಾಜಿಗೋ ಎಲೆಗೋ ಅಂಟಿಸುತ್ತದೆ, ಮತ್ತೆ ಬರುತ್ತದೆ. ಹೀಗೆ ಕೆಲವು ಗಂಟೆಗಳಲ್ಲಿ ನೂರು ದಾಟುವುದುಂಟು. ಅಂಟಿಸಿ ಮುಗಿದ ಮೇಲೆ ಅದೇ ಜೋಡಿ ತಿರುಗಿ ಬಂದು ಮೊಟ್ಟೆ ತಿನ್ನಲು ತೊಡಗುತ್ತದೆ. ಬೇರೆ ಮಾಡದೆ ವಿಧಿಯಿಲ್ಲ.

ಇಟ್ಟ ಕೂಡಲೇ ಮೊಟ್ಟೆ ತೀರಾ ಮೆದು, ಒಡೆದುಹೋಗುತ್ತದೆ. ಒಂದೆರಡು ಗಂಟೆ ಬಿಟ್ಟರೆ ಸಾಬಕ್ಕಿ ಕಾಳಿನಷ್ಟು ಗಟ್ಟಿಯಾಗುತ್ತದೆ. ಆಗ ತೊಳೆದ ಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿದರೆ ಗಾಜು ಬಿಟ್ಟು ಬೆರಳಿಗೆ ಅಂಟುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚೂ ಆಗುತ್ತದೆ. ಅದೇ ತೊಟ್ಟಿಯ ನೀರು ತುಂಬಿದ ಸಣ್ಣ ಡಬ್ಬಿಯ ಗೋಡೆಗೆ ಒಂದಕ್ಕೊಂದು ತಾಗದಂತೆ ಅಂಟಿಸಿ. ತಾಗಿದರೆ ಒಂದಕ್ಕೆ ಬಂದ ಬೂಷ್ಟು ಪಕ್ಕದ್ದಕ್ಕೂ ಹರಡುತ್ತದೆ. ನೀರಿಗೆ ತಿಳಿನೀಲಿ ಬಣ್ಣ ಬರುವಷ್ಟು ಮಾತ್ರ ಮೆಥಿಲೀನ್ ಬ್ಲೂ ಹಾಕಿ. ಅದಿಲ್ಲದಿದ್ದರೆ ಕಾಡುಬಾದಾಮಿ ಮರದ ಒಣಗಿ ಉದುರಿದ ಎಲೆ ತೊಳೆದು ಒಂದು ತುಂಡು ಹಾಕಿದರೂ ಕೆಲಸ ನಡೆಯುತ್ತದೆ. ಗುಳ್ಳೆ ಮೊಟ್ಟೆಗಳ ಪಕ್ಕದಲ್ಲಿ ಹಾಯುತ್ತಿರಲಿ. ಫಲ ಕಟ್ಟಿದ ಮೊಟ್ಟೆ ದಿನ ಕಳೆದಂತೆ ಕಂದು ತಿರುಗುತ್ತದೆ, ಮೂರನೆಯ ದಿನ ಟಾರ್ಚ್ ಹಿಡಿದರೆ ಒಳಗೆ ಎರಡು ಕಪ್ಪು ಕಣ್ಣು. ಹಾಲಿನಂತೆ ಬೆಳ್ಳಗಾದದ್ದು ಸತ್ತದ್ದು. ಕಂಡ ಕೂಡಲೇ ತೆಗೆಯಿರಿ. 25, 26 ಡಿಗ್ರಿಯಲ್ಲಿ ನಾಲ್ಕು ದಿನಕ್ಕೆ ಒಡೆಯತೊಡಗುತ್ತವೆ. ತಂಪಿದ್ದರೆ ಇನ್ನೊಂದೆರಡು ದಿನ.

ಮೊದಲ ವಾರ

ಒಡೆದು ಬಂದ ಮರಿ ಅರ್ಧ ಸೆಂಟಿಮೀಟರ್ ಕೂಡ ಇರುವುದಿಲ್ಲ. ಎರಡು ಕಣ್ಣು, ನಡುಗುವ ಒಂದು ಬಾಲ, ಹೊಟ್ಟೆಯಡಿ ಹಳದಿ ಚೀಲ, ಅಷ್ಟೇ. ಆ ಚೀಲವೇ ಅದರ ಬುತ್ತಿ. ಎರಡು ಮೂರು ದಿನ ಅದರಿಂದಲೇ ಬದುಕುತ್ತದೆ, ಬಾಯಿ ಇನ್ನೂ ತಿನ್ನಲು ತಯಾರಾಗಿರುವುದಿಲ್ಲ. ಈ ದಿನಗಳಲ್ಲಿ ಒಂದು ಚಿಟಿಕೆ ಆಹಾರವನ್ನೂ ಹಾಕಬೇಡಿ. ಮರಿಗಳು ಒಂದು ಮೂಲೆಯಲ್ಲಿ ಗುಂಪಾಗಿ ಅಲ್ಲಾಡದೆ ಬಿದ್ದಿದ್ದರೆ ಕಾಯಿಲೆಯಲ್ಲ, ಅದೇ ಅವುಗಳ ಪದ್ಧತಿ. ಖಾಲಿ ಮೊಟ್ಟೆ ಸಿಪ್ಪೆಗಳನ್ನು ಮಾತ್ರ ಹೊರಗೆ ಹಾಕಿ, ನೀಲಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ತಿಳಿಯಾಗಿಸಿ.

ಮರಿಗಳ ಮನೆ ಆಳವಾಗಿರಬೇಕಿಲ್ಲ, ಅಗಲವಾಗಿರಲಿ. ಹತ್ತು ಹದಿನೈದು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಟಬ್ಬಿನಲ್ಲಿ ನಾಲ್ಕೈದು ಇಂಚು ನೀರು ಧಾರಾಳ. ಒಳಗೆ ದೊಡ್ಡ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಓಡಿದ ಹಳೆಯ ಸ್ಪಾಂಜ್ ಫಿಲ್ಟರ್ ಇಡಿ. ಅಂಗಡಿಯಿಂದ ತಂದ ಹೊಸ ಸ್ಪಾಂಜಿನಲ್ಲಿ ಅಮೋನಿಯ ಕರಗಿಸುವ ಬ್ಯಾಕ್ಟೀರಿಯ ಇರುವುದಿಲ್ಲ, ಅವು ನೆಲೆಯೂರಲು ವಾರಗಳೇ ಬೇಕು. ಗುಳ್ಳೆ ಮೆಲ್ಲಗೆ ಬರುವಂತೆ ಕವಾಟ ತಿರುಗಿಸಿ, ಇಲ್ಲದಿದ್ದರೆ ಮರಿಗಳು ಸುಳಿಯಲ್ಲಿ ತೇಲಾಡಿ ಸುಸ್ತಾಗುತ್ತವೆ. ತೊಟ್ಟಿಯ ಗೋಡೆಗೆ ತೂಗುಹಾಕುವ ಮರಿಪೆಟ್ಟಿಗೆ ಇದ್ದವರಿಗೆ ಇನ್ನೂ ಅನುಕೂಲ. ದೊಡ್ಡ ತೊಟ್ಟಿಯ ಪಳಗಿದ ನೀರೇ ಅದರಲ್ಲಿ ಸುತ್ತಾಡುತ್ತಿರುತ್ತದೆ.

ತಳಕ್ಕೆ ಮರಳು ಹಾಕಬೇಕೋ ಬೇಡವೋ ಎಂದು ಸಾಕುವವರಲ್ಲಿ ವಾದ ಮುಗಿದಿಲ್ಲ. ಬರೀ ತಳ ಜಾರು ಪಾಚಿ ಕಟ್ಟಿ ಮರಿಗಳ ಹೊಟ್ಟೆಗೆ ಸೋಂಕು ತರುತ್ತದೆ ಎನ್ನುವವರು ಒಂದು ಕಡೆ, ಮರಳಿನಲ್ಲಿ ಊಟ ಹುದುಗಿ ಕೊಳೆಯುತ್ತದೆ ಎನ್ನುವವರು ಇನ್ನೊಂದು ಕಡೆ. ನನ್ನ ಓಟು ಮೊದಲ ಎರಡು ವಾರ ಬರೀ ತಳಕ್ಕೆ. ಕಸ ಕಣ್ಣಿಗೆ ಕಾಣಬೇಕು, ಕಂಡರೆ ತಾನೇ ತೆಗೆಯುವುದು. ಆಮೇಲೆ ತಳ ಮುಚ್ಚುವಷ್ಟು ನಯವಾದ ಹಳೇ ಹೊಳೆ ಮರಳು ಒಂದು ಹಿಡಿ ತೊಳೆದು ಹಾಕಬಹುದು. ಮನೆ ಕಟ್ಟಿ ಉಳಿದ ಎಂ-ಸ್ಯಾಂಡ್ ಬೇಡವೇ ಬೇಡ. ಕಲ್ಲು ಪುಡಿ ಮಾಡಿ ತೆಗೆದ ಆ ಮರಳಿನ ಕಾಳಿಗೆ ಚೂಪಾದ ಅಂಚು, ಜೊತೆಗೆ ಧೂಳು. ನೆಲ ಕೆದಕಿ ಊಟ ಹುಡುಕುವ ಮೀನಿನ ಮೀಸೆ ಸವೆದುಹೋಗುತ್ತದೆ.

ದಿನದ ಕೆಲಸ ಹೀಗೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ತಳದ ಕಸ ಹೀರಬೇಕು. ಅಕ್ವೇರಿಯಂ ಪೈಪು ಮರಿಗಳಿಗೆ ದಪ್ಪವಾಯಿತು. ದಾಳಿಂಬೆ, ಅಡಿಕೆ ತೋಟಕ್ಕೆ ಹನಿ ನೀರಾವರಿ ಮಾಡಿದವರ ಮನೆಯಲ್ಲಿ ಸಣ್ಣ ಮೈಕ್ರೋ ಟ್ಯೂಬ್ ಬಿದ್ದಿರುತ್ತದೆ, ಅದರ ಅಳತೆ ಹೇಳಿ ಮಾಡಿಸಿದಂತಿದೆ. ಆದರೆ ತೋಟದಲ್ಲಿ ಬಳಸಿದ ತುಂಡು ಬೇಡ. ಅದರೊಳಗೆ ಗೊಬ್ಬರ, ಔಷಧಿಯ ನೀರು ಹರಿದಿರುತ್ತದೆ. ಹೊಸದು ಒಂದು ಮೀಟರ್ ಕತ್ತರಿಸಿ ತನ್ನಿ. ಒಂದು ತುದಿ ಟಬ್ಬಿನಲ್ಲಿ, ಇನ್ನೊಂದು ತುದಿ ಕೆಳಗಿಟ್ಟ ಬಿಳಿ ಬೇಸಿನ್ನಿನಲ್ಲಿ. ಬಿಳಿಯದೇ ಯಾಕೆಂದರೆ ಎಷ್ಟು ಹುಷಾರಾಗಿದ್ದರೂ ಒಂದೆರಡು ಮರಿ ಕಸದ ಜೊತೆ ಬಂದೇ ಬರುತ್ತವೆ. ಬೇಸಿನ್ನಿನ ನೀರು ತಿಳಿಯಾಗಲು ಐದು ನಿಮಿಷ ಬಿಟ್ಟು ಬಗ್ಗಿ ನೋಡಿದರೆ, ಕಸ ಅಲ್ಲಲ್ಲೇ ಕೂತಿರುತ್ತದೆ, ಮರಿ ಮಾತ್ರ ಗಕ್ಕನೆ ಒಂದು ಬೆರಳಷ್ಟು ದೂರ ಜಿಗಿದು ಮತ್ತೆ ನಿಲ್ಲುತ್ತದೆ. ಔಷಧಿ ಅಂಗಡಿಯ ಡ್ರಾಪರ್‌ನಿಂದ ಹೀರಿ ವಾಪಸ್ ಬಿಡಿ. ಕಸ ಹೀರಿದ ಮೇಲೆ ಮರಿಗಳು ಇಲ್ಲದ ಬದಿಯ ತಳವನ್ನು ಬೆರಳಿಂದ ಉಜ್ಜಿ ನೋಡಿ. ಜಾರುತ್ತಿದ್ದರೆ ಅದು ಬ್ಯಾಕ್ಟೀರಿಯದ ಲೋಳೆ. ತೊಳೆದ ಹತ್ತಿಬಟ್ಟೆಯಿಂದ ಒರೆಸಿ ಅದನ್ನೂ ಹೀರಿ ತೆಗೆಯಿರಿ. ಎರಡು ಮೂರು ಸಣ್ಣ ಬಸವನಹುಳು ಬಿಟ್ಟುಕೊಂಡರೆ ಮಿಕ್ಕಿದ ಊಟಕ್ಕೆ ಅವೂ ಒಂದು ಕೈ ಹಾಕುತ್ತವೆ, ಮರಿಗಳ ತಂಟೆಗೆ ಹೋಗುವುದಿಲ್ಲ.

ದಿನಕ್ಕೆ ಮೂರನೇ ಒಂದು ಭಾಗ ನೀರು ಹೋಗಿ ಹೊಸದು ಬರಬೇಕು. ಮರಿ ಜಾಸ್ತಿಯಿದ್ದರೆ ಅರ್ಧ. ಸುರಿಯಬೇಡಿ. ಬಕೆಟ್ ಎತ್ತರದಲ್ಲಿಟ್ಟು ಅದೇ ಮೈಕ್ರೋ ಟ್ಯೂಬಿಗೆ ಗಂಟು ಹಾಕಿ ಹನಿಹನಿಯಾಗಿ ಇಳಿಸಿದರೆ ಮರಿಗಳಿಗೆ ನೀರು ಬದಲಾದದ್ದೇ ತಿಳಿಯುವುದಿಲ್ಲ. ಅಮೋನಿಯ ಪರೀಕ್ಷೆಯ ಕಿಟ್ ಇಲ್ಲದವರಿಗೆ ಮರಿಗಳೇ ಹೇಳುತ್ತವೆ: ತಳ ಬಿಟ್ಟು ಟಬ್ಬಿನ ಗೋಡೆ ಹತ್ತಿ ಮೇಲೆ ಅಂಟಿಕೊಂಡವೆಂದರೆ ಕೆಳಗಿನ ನೀರು ಕೆಟ್ಟಿದೆ. ಊಟ ನಿಲ್ಲಿಸಿ, ಅರ್ಧ ನೀರು ಬದಲಿಸಿ, ಆಮೇಲೆ ಕಾರಣ ಹುಡುಕಿ.

ಊಟಕ್ಕೇನು

ಕೋಳಿಮೊಟ್ಟೆಯ ಬೇಯಿಸಿದ ಹಳದಿಯನ್ನು ನೀರಿನಲ್ಲಿ ಕದಡಿ ಹಾಕುವ ರೂಢಿ ನಮ್ಮಲ್ಲಿ ಹಳೆಯದು. ಮೇಲೆ ತೇಲುವ ಮರಿಗಳಿಗೆ ಹೇಗೋ ನಡೆಯುತ್ತದೆ, ಕೋರಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ತಿಂದದ್ದಕ್ಕಿಂತ ತಳದಲ್ಲಿ ಕೆನೆಗಟ್ಟಿ ಕೊಳೆಯುವುದೇ ಜಾಸ್ತಿ.

ಮೈಕ್ರೋವರ್ಮ್ ಎಂಬ ಕೂದಲಿಗಿಂತ ತೆಳ್ಳನೆಯ ಹುಳು ಎಲ್ಲಕ್ಕಿಂತ ಸುಲಭ. ಮೀನು ಸಾಕುವ ಯಾರ ಬಳಿಯಾದರೂ ಒಂದು ಚಮಚ ಹೆಪ್ಪು ಇಸಿದುಕೊಂಡರೆ ಸಾಕು. ಓಟ್ಸ್ ಅಥವಾ ಗೋಧಿ ಹಿಟ್ಟನ್ನು ಗಟ್ಟಿ ಗಂಜಿಯಾಗಿ ಕಾಯಿಸಿ, ಪೂರ್ತಿ ಆರಿಸಿ, ಅಗಲ ಡಬ್ಬಿಯಲ್ಲಿ ಅರ್ಧ ಇಂಚು ಹರಡಿ. ಮೇಲೆ ಒಂದು ಚಿಟಿಕೆ ಯೀಸ್ಟ್, ಅದರ ಮೇಲೆ ಹೆಪ್ಪು. ಮುಚ್ಚಳಕ್ಕೆ ಸೂಜಿ ತೂತು ಮಾಡಿ ಇರುವೆ ಬರದ ಕಡೆ ಇಡಿ. ನಾಲ್ಕೈದು ದಿನದಲ್ಲಿ ಮೇಲ್ಮೈ ಮಿಣಮಿಣ ಹರಿದಾಡುತ್ತದೆ, ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ. ಗೋಡೆಯದನ್ನು ಮಾತ್ರ ಹಲ್ಲುಕಡ್ಡಿಯಲ್ಲಿ ಸವರಿ ತೆಗೆದು ನೀರಿನಲ್ಲಿ ಅಲ್ಲಾಡಿಸಿ; ಗಂಜಿ ಬೀಳಬಾರದು. ಈ ಹುಳುಗಳು ನೇರ ತಳಕ್ಕಿಳಿದು ಅಲ್ಲೇ ಹಲವು ಗಂಟೆ ಜೀವಂತ ಹೊರಳಾಡುತ್ತಿರುತ್ತವೆ. ಕೋರಿ ಮರಿಗೆ ಬೇಕಾದದ್ದು ಅದೇ. ಗಂಜಿ ತೆಳುವಾಗಿ ಹುಳಿ ವಾಸನೆ ಜೋರಾದರೆ ಹೊಸ ಡಬ್ಬಿಗೆ ಹೆಪ್ಪು ಹಾಕುವ ಹೊತ್ತಾಯಿತು. ಬೇಸಿಗೆಯಲ್ಲಿ ಎರಡು ವಾರಕ್ಕೇ ಹಾಗಾಗುತ್ತದೆ, ಯಾವಾಗಲೂ ಎರಡು ಡಬ್ಬಿ ಓಡುತ್ತಿರಲಿ.

ಇನ್ನೂ ಬೇಗ ಬೆಳೆಯಬೇಕೆಂದರೆ ಆರ್ಟೀಮಿಯ, ಉಪ್ಪುನೀರಿನ ಸಿಗಡಿ ಮರಿ. ಒಣ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ. ಲೀಟರ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಲೀಟರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ಚಿಟಿಕೆ ಅಡುಗೆ ಸೋಡ, ಅರ್ಧ ಚಮಚ ಮೊಟ್ಟೆ ಹಾಕಿ ಜೋರಾಗಿ ಗಾಳಿ ಬಿಡಿ. 26ರಿಂದ 28 ಡಿಗ್ರಿಯಲ್ಲಿ ಒಂದು ದಿನಕ್ಕೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಕೆಳಗೆ ಬೆಳಕು ಹಿಡಿದರೆ ಕಿತ್ತಳೆ ಬಣ್ಣದ ಮರಿಗಳು ಬೆಳಕಿನತ್ತ ಬರುತ್ತವೆ, ಸಿಪ್ಪೆ ಮೇಲೆ ತೇಲುತ್ತದೆ. ಸಿಪ್ಪೆ ಬೆರೆಯದಂತೆ ಕೆಳಗಿನದನ್ನು ಹೀರಿ, ನಯವಾದ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಿ. ಸಿಹಿನೀರಿನಲ್ಲಿ ಇವು ಕೆಲವೇ ಗಂಟೆ ಬದುಕುತ್ತವೆ, ಸತ್ತ ಮೇಲೆ ಬೇಗ ಕೊಳೆಯುತ್ತವೆ. ಎಷ್ಟು ಹಾಕಬೇಕೆಂಬ ಅಳತೆ ಮರಿಯ ಹೊಟ್ಟೆಯಲ್ಲೇ ಇದೆ. ಹೊಟ್ಟೆಯ ಚರ್ಮ ಗಾಜಿನಂತೆ ತೆಳು. ಆರ್ಟೀಮಿಯ ತಿಂದ ಅರ್ಧ ಗಂಟೆಗೆ ಕಿತ್ತಳೆ ಬಣ್ಣಕ್ಕೆ ಉಬ್ಬಿ ನಿಲ್ಲುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಎಲ್ಲ ಹೊಟ್ಟೆಗಳೂ ತುಂಬಿದ್ದು ತಳದಲ್ಲಿ ಇನ್ನೂ ಹುಳು ಹರಿದಾಡುತ್ತಿದ್ದರೆ ನೀವು ಹಾಕಿದ್ದು ಜಾಸ್ತಿ. ದಿನಕ್ಕೆ ಮೂರು ಸಲ ಸಾಕು, ಕೊನೆಯದು ದೀಪ ಆರಿಸುವ ಮೊದಲು.

ಚರಂಡಿಯ ಟ್ಯೂಬಿಫೆಕ್ಸ್ ಹುಳು, ಕೆರೆಯಿಂದ ನೇರ ಮೊಗೆದು ತಂದ ಹುಳು ಹುಪ್ಪಟೆ ಇವನ್ನು ಮೊದಲ ತಿಂಗಳು ದೂರವಿಡಿ. ರೋಗ ಬರುವುದು ಅವುಗಳ ಜೊತೆಯಲ್ಲೇ.

ಹೊರಗಿನ ಕಾಟಗಳು

ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ದ್ರವದ ಯಂತ್ರ, ಪಂಚಾಯಿತಿಯವರು ಬಿಡುವ ಹೊಗೆ ಇವುಗಳಲ್ಲಿರುವ ಪೈರಿಥ್ರಾಯ್ಡ್ ಜಾತಿಯ ಕೀಟನಾಶಕ ಮನುಷ್ಯರಿಗೆ ಅಷ್ಟು ಬಾಧಿಸದಿದ್ದರೂ ಮೀನಿಗೆ ಅತಿ ಘೋರ. ಮರಿ ಇರುವ ಕೋಣೆಯಲ್ಲಿ ಸೊಳ್ಳೆಪರದೆಯೇ ಗತಿ. ಈರುಳ್ಳಿಗೋ ದಾಳಿಂಬೆಗೋ ಔಷಧಿ ಹೊಡೆದು ಬಂದವರು ಸ್ನಾನ ಮಾಡುವ ತನಕ ಟಬ್ಬಿಗೆ ಕೈ ಹಾಕಬಾರದು. ಅದೇ ಬಕೆಟ್, ಅದೇ ಮಗ್ ಬಳಸುವುದಂತೂ ದೂರದ ಮಾತು.

ಕರೆಂಟ್ ಹೋಗುವುದು ಇದ್ದದ್ದೇ. ಚಾರ್ಜ್ ಮಾಡಿಟ್ಟುಕೊಳ್ಳುವ ಸಣ್ಣ ಏರ್ ಪಂಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಗಲ ಟಬ್ಬಿನ ಕಡಿಮೆ ನೀರೇ ಕೆಲವು ಗಂಟೆ ಕಾಪಾಡುತ್ತದೆ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಊಟ ಹಾಕಬೇಡಿ. ತಿಂದ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ಮಿಕ್ಕಿದ್ದು ಕೊಳೆಯಲೂ ಅದೇ ಆಮ್ಲಜನಕವೇ ಬೇಕು. ಬಹಳ ಹೊತ್ತು ನಿಂತಿದ್ದ ಸ್ಪಾಂಜನ್ನು ತೊಟ್ಟಿಯ ನೀರಿನಲ್ಲೇ ಒಮ್ಮೆ ಹಿಂಡಿ ತೊಳೆದು ಮತ್ತೆ ಹಾಕಿ, ನಲ್ಲಿಯ ಕೆಳಗಲ್ಲ.

ಬೇಸಿಗೆಯದು ಬೇರೆ ಕಥೆ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 32 ಡಿಗ್ರಿಯದು 7.3 ಮಾತ್ರ. ಟಬ್ಬನ್ನು ನೆಲದ ಮೇಲಿಟ್ಟು ಸುತ್ತ ಒದ್ದೆ ಗೋಣಿಚೀಲ ಸುತ್ತಿ ಫ್ಯಾನ್ ಗಾಳಿ ತಾಗಿಸಿದರೆ ಮೂರು ಡಿಗ್ರಿಯಾದರೂ ಇಳಿಯುತ್ತದೆ. ಐಸ್ ಹಾಕುವ ದುಡುಕು ಬೇಡ.

ತಿಂಗಳು ದಾಟಿದ ಮೇಲೆ

ಮೂರು ನಾಲ್ಕು ವಾರಕ್ಕೆ ಮರಿ ಒಂದು ಸೆಂಟಿಮೀಟರ್ ದಾಟಿ, ಮೀಸೆ, ಬೆನ್ನಿನ ರೆಕ್ಕೆ ಸ್ಪಷ್ಟವಾಗಿ ಕೋರಿ ಎಂದು ಗುರುತು ಹಿಡಿಯುವಂತಾಗುತ್ತದೆ. ಇಲ್ಲಿಂದ ಕೆಲಸ ಹಗುರ. ಮುಳುಗುವ ಗುಳಿಗೆಯನ್ನು ಪುಡಿ ಮಾಡಿ ಅಭ್ಯಾಸ ಮಾಡಿಸಿ, ದೊಡ್ಡವನ್ನೂ ಚಿಕ್ಕವನ್ನೂ ಬೇರೆ ಬೇರೆ ಮಾಡಿ. ಮೀಸೆ ಮೊಂಡಾಗಿದ್ದರೆ ತಳದ ಕಡೆ ನಿಮ್ಮ ಗಮನ ಸಡಿಲವಾಗಿದೆ ಎಂದು ಲೆಕ್ಕ. ಚೊಕ್ಕಟ ಮಾಡಿದರೆ ಮತ್ತೆ ಚಿಗುರುತ್ತದೆ. ಎಂಟು ಹತ್ತು ವಾರಕ್ಕೆ ಎರಡೂವರೆ ಸೆಂಟಿಮೀಟರ್ ಸಮೀಪಿಸಿದಾಗ ದೊಡ್ಡ ತೊಟ್ಟಿಗೆ ಬಿಡಬಹುದು, ಬಾಯಿ ದೊಡ್ಡದಿರುವ ಮೀನು ಅಲ್ಲಿ ಇಲ್ಲದಿದ್ದರೆ.

ಹೆಚ್ಚಾಯಿತೆಂದು ಕೆರೆಗೆ ಮಾತ್ರ ಬಿಡಬೇಡಿ. ತೊಟ್ಟಿಗೆ ಹಿಡಿಸದಷ್ಟು ಬೆಳೆದ ಸಕ್ಕರ್ ಮೀನುಗಳನ್ನು ಜನ ಹೀಗೆ ಬಿಟ್ಟೇ ಅವು ದೇಶದ ಹಲವು ಕೆರೆಗಳಲ್ಲಿ ಬೇರೂರಿದ್ದು. ನಮ್ಮ ಕೆರೆ ಕೋಡಿ ಬೀಳುವುದು ಅಪರೂಪ ಎಂಬ ಸಮಾಧಾನವೂ ಬೇಡ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಜಲಾಶಯವೇ 1933ರ ನಂತರ 2022ರಲ್ಲಿ ಕೋಡಿ ಹರಿಯಿತು. ಹಾಗೆ ಹರಿದ ವೇದಾವತಿ ಮುಂದೆ ಹಗರಿಯಾಗಿ ತುಂಗಭದ್ರೆಯನ್ನೇ ಸೇರುತ್ತದೆ.

ಮಾರುವ ಯೋಚನೆಯಿದ್ದರೆ ದಾರಿಯುಂಟು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ಎಂದು ಇಟ್ಟು, ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇ 60 ಸಹಾಯಧನ ನಿಗದಿ ಮಾಡಿದ್ದರು. ಈಗಿನ ಅರ್ಜಿಯ ಸ್ಥಿತಿಯನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸಾಕಣೆಯ ತಾಂತ್ರಿಕ ಸಂದೇಹಗಳಿಗೆ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ. ಒಂದು ಟಬ್ಬಿನಲ್ಲಿ ಐವತ್ತು ಮರಿ ದಕ್ಕಿಸಿಕೊಳ್ಳುವುದು ಕೈಗೆ ಬಂದ ಮೇಲೆ ಮಾತ್ರ ಅರ್ಜಿಯ ಮಾತು.

ಬೆಂಗಳೂರಿಗೋ ತುಮಕೂರಿಗೋ ಕಳಿಸುವಾಗ ಹಿಂದಿನ ದಿನವೇ ಊಟ ನಿಲ್ಲಿಸಿ, ಚೀಲದ ನೀರು ಹೊಲಸಾಗದಿರಲಿ. ಬಲೆಯಲ್ಲಿ ಹಿಡಿಯಬೇಡಿ, ಪಕ್ಕದ ರೆಕ್ಕೆಯ ಮುಳ್ಳು ಸೆಟೆದು ನಿಂತು ದಾರಕ್ಕೆ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಹೋದರೆ ಮುರಿಯುತ್ತದೆ. ಲೋಟದಲ್ಲಿ ನೀರಿನ ಸಮೇತ ಮೊಗೆಯಿರಿ. ಬೆಳೆದ ಕೋರಿಗಳು ಗಾಬರಿಯಾದಾಗ ಮೈಯಿಂದ ಒಂದು ಬಗೆಯ ವಿಷ ಬಿಡುತ್ತವೆ, ಕಟ್ಟಿದ ಚೀಲದಲ್ಲಿ ಅದು ಅವುಗಳಿಗೇ ಮುಳುವಾಗುತ್ತದೆ. ಆದ್ದರಿಂದ ಹಿಡಿದವನ್ನು ಮೊದಲು ಬಕೆಟ್ಟಿನಲ್ಲಿ ಅರ್ಧ ಗಂಟೆ ಬಿಟ್ಟು, ಆ ನೀರು ಚೆಲ್ಲಿ, ತೊಟ್ಟಿಯ ಹೊಸ ನೀರಿನಲ್ಲಿ ಚೀಲ ಕಟ್ಟಿ. ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಮೂಲೆಗಳನ್ನು ಮಡಚಿ ರಬ್ಬರ್ ಹಾಕಿದರೆ ಮೀನು ಮೂಲೆಗೆ ಸಿಕ್ಕಿಕೊಳ್ಳುವುದಿಲ್ಲ. ಚೀಲವನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಸಂಜೆಯ ಬಸ್ಸಿಗೆ ಹಾಕಿ, ಹಗಲಿನ ಬಿಸಿಲಿಗೆ ಬೇಡ.